ಹಾಸಿಗೆಯ ಮೇಲೆ ಗೊಂಬೆ ಏಕೆ?



ಆಸ್ಪತ್ರೆಯ ಮೈಕಿನಲ್ಲಿ "ಕೋಡ್ ಬ್ಲೂ, ಮಾಕ್ ಡ್ರಿಲ್" ಎಂದು ಕೇಳಿಬಂದು, ವೈದ್ಯರೂ ದಾದಿಯರೂ ಓಡಿಬಂದು ಗೊಂಬೆಯೊಂದರ ಎದೆ ಒತ್ತುವುದನ್ನು ಕಂಡರೆ ಗಾಬರಿಯಾಗಬೇಡಿ. ಕೋಡ್ ಬ್ಲೂ ಎಂದರೆ ಯಾರದೋ ಹೃದಯ ಅಥವಾ ಉಸಿರು ನಿಂತಿದೆ, ತಂಡ ಕೂಡಲೇ ಬರಬೇಕು ಎಂಬ ಕರೆ. ಮಾಕ್ ಡ್ರಿಲ್ ಎಂದರೆ ಅದರ ಅಭ್ಯಾಸ. ಮುಂಚಿತವಾಗಿ ತಿಳಿಸದೆ ನಡೆಸುವ ಅಭ್ಯಾಸಗಳೂ ಉಂಟು. ಆದ್ದರಿಂದ ಯಾವುದೇ ಇರಲಿ, ದಾರಿ ಬಿಟ್ಟುಕೊಡಿ.

ಹೀಗೆ ನಿಜದಂಥ ಸನ್ನಿವೇಶ ಕಟ್ಟಿ ಕೈ ಪಳಗಿಸುವುದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಆ ಗೊಂಬೆಯ ಹೆಸರು ಮ್ಯಾನಿಕಿನ್. ಇವುಗಳಲ್ಲಿ ಬಹು ಪ್ರಸಿದ್ಧವಾದುದು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ 1960ರಲ್ಲಿ ಹೊರತಂದ 'ಆ್ಯನ್'. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಶವವಾಗಿ ಸಿಕ್ಕಳೆಂದು ಹೇಳಲಾಗುವ, ಹೆಸರೇ ತಿಳಿಯದ ಯುವತಿಯೊಬ್ಬಳ ಮುಖದ ಅಚ್ಚೇ ಅದಕ್ಕೆ ಮಾದರಿ.

ಫಿಡೆಲಿಟಿ ಎಂದರೆ ಸಾಧನ ಎಷ್ಟು ನಿಜದಂತಿದೆ ಎಂಬ ಅಳತೆ. ಕಿತ್ತಳೆ ಹಣ್ಣಿಗೆ ಸೂಜಿ ಚುಚ್ಚಿ ಕಲಿಯುವುದು ಕೆಳಗಿನ ಮೆಟ್ಟಿಲು. ಉಸಿರಾಡುವ, ನಾಡಿ ಬಡಿಯುವ ಗೊಂಬೆ ಮೇಲಿನದು. ದುಬಾರಿಯದೇ ಬೇಕೆಂದೇನಿಲ್ಲ. ಎದೆ ಒತ್ತಲು ಕಲಿಯುವುದಕ್ಕೆ ಸಾಧಾರಣ ಗೊಂಬೆ ಸಾಕು.

ಕೆಲವು ಸಂಗತಿಗಳನ್ನು ಗೊಂಬೆಯಿಂದ ಕಲಿಯಲಾಗದು. ಕೆಟ್ಟ ಸುದ್ದಿಯನ್ನು ಮನೆಯವರಿಗೆ ತಿಳಿಸುವುದು ಹೇಗೆ? ಇದಕ್ಕೆ ತರಬೇತಿ ಪಡೆದ ವ್ಯಕ್ತಿಯೊಬ್ಬರು ರೋಗಿಯಂತೆ ಅಥವಾ ಬಂಧುವಿನಂತೆ ನಟಿಸುತ್ತಾರೆ. ರೋಗಿಯ ಪಾತ್ರ ವಹಿಸುವವರನ್ನು ಸ್ಟ್ಯಾಂಡರ್ಡೈಸ್ಡ್ ಪೇಶೆಂಟ್ ಎನ್ನುತ್ತಾರೆ. ಈ ಪದ್ಧತಿಯನ್ನು 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ ಆರಂಭಿಸಿದರು.

ಇನ್ನೊಂದು ಮಾತು ಕ್ಲೋಸ್ಡ್ ಲೂಪ್. ವೈದ್ಯರು "ಅಡ್ರಿನಲಿನ್ ಒಂದು ಮಿಲಿಗ್ರಾಂ" ಎನ್ನುತ್ತಾರೆ. ಸಿಸ್ಟರ್ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ, ಕೊಟ್ಟ ಮೇಲೆ "ಕೊಟ್ಟಾಯಿತು" ಎನ್ನುತ್ತಾರೆ. ಹೊರಗೆ ನಿಂತವರಿಗೆ "ಇವರಿಗೆ ಸರಿಯಾಗಿ ಕೇಳಿಸಲಿಲ್ಲವೇ?" ಎನಿಸಬಹುದು. ಹಾಗಲ್ಲ, ಗದ್ದಲದಲ್ಲಿ ಔಷಧಿಯ ಹೆಸರು, ಪ್ರಮಾಣ ತಪ್ಪದಿರಲೆಂದೇ ಹಾಗೆ ಕಲಿಸಿರುತ್ತಾರೆ.

ಅಭ್ಯಾಸ ಮುಗಿದ ಬಳಿಕ ಎಲ್ಲರೂ ಕುಳಿತು ಎಲ್ಲಿ ತಡವಾಯಿತು, ಏನು ಬಿಟ್ಟುಹೋಯಿತು ಎಂದು ಮಾತಾಡುವುದೇ ಡಿಬ್ರೀಫಿಂಗ್. ಅಲ್ಲಿ ಯಾರನ್ನೂ ಬಯ್ಯುವಂತಿಲ್ಲ. ಬೈಗುಳಕ್ಕೆ ಹೆದರಿದವರು ತಪ್ಪನ್ನು ಮುಚ್ಚಿಡುತ್ತಾರೆ.

"ನಮ್ಮವರ ಮೇಲೆ ಕಲಿಯುತ್ತಾರೇನೋ" ಎಂಬ ಅಳುಕು ಹಲವರಿಗಿದೆ, ಅದು ತಪ್ಪಲ್ಲ. ವೈದ್ಯಕೀಯ ಕಾಲೇಜುಗಳಲ್ಲಿ ಸ್ಕಿಲ್ ಲ್ಯಾಬ್ ಇರಬೇಕೆಂದು 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮ ವಿಧಿಸಿದ್ದು ಮೊದಲ ತಪ್ಪುಗಳು ಗೊಂಬೆಯ ಮೇಲೇ ಆಗಿಹೋಗಲಿ ಎಂದು. ಆಮೇಲೂ ರೋಗಿಯ ಬಳಿಯೇ ಕಲಿಯಬೇಕಾದದ್ದು ಉಳಿಯುತ್ತದೆ. ಆಗ "ಹಿರಿಯ ಡಾಕ್ಟರು ಜೊತೆಗಿರುತ್ತಾರೆಯೇ?" ಎಂದು ಸಂಕೋಚವಿಲ್ಲದೆ ಕೇಳಿ.

ಎದೆ ಒತ್ತುವುದನ್ನು ನೀವೂ ಗೊಂಬೆಯ ಮೇಲೆ ಕಲಿಯಬಹುದು. ದೊಡ್ಡವರಿಗಾದರೆ ಎದೆಯ ನಡುಭಾಗವನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಮನೆಯಲ್ಲಿ ಯಾರಾದರೂ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಒತ್ತಲು ಶುರುಮಾಡಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ; ಕೈ ಸೋತರೆ ಪಕ್ಕದವರಿಗೆ ಬಿಟ್ಟುಕೊಡಿ.