ಒರೆಸದೆ ಬದಲಾಗುವ ಲೆಕ್ಕ

1978ರ ಮಾತು. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಪಾಠ ಕೇಳುತ್ತಾ ಕುಳಿತಿದ್ದ. ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಅಡ್ಡಗೆರೆ, ಉದ್ದಗೆರೆ ಎಳೆದು ವ್ಯಾಪಾರದ ಲೆಕ್ಕವೊಂದನ್ನು ಬರೆಯುತ್ತಿದ್ದರು. ಎಲ್ಲೋ ಒಂದು ಅಂಕಿ ಬದಲಾಯಿತೆಂದರೆ ಅದರ ಮೇಲೆ ನಿಂತ ಅಂಕಿಗಳನ್ನೆಲ್ಲ ಒರೆಸಿ ಮತ್ತೆ ಬರೆಯಬೇಕು. ಒಂದನ್ನು ತಿದ್ದಿದರೆ ಉಳಿದವು ತಾವಾಗಿಯೇ ತಿದ್ದಿಕೊಳ್ಳುವ ಹಲಗೆಯೊಂದು ಇದ್ದರೆ ಎಷ್ಟು ಚೆನ್ನ ಎಂದು ಆತನಿಗೆ ಅನ್ನಿಸಿತು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಪ್ರೋಗ್ರಾಂ ಹೊರತಂದ. ಇವತ್ತು ಎಲ್ಲ ಕಚೇರಿಗಳಲ್ಲೂ ಇರುವ ಎಕ್ಸೆಲ್‌ಗೆ ಅದೇ ಹಿರಿಯಣ್ಣ.

ಶಾಲೆಯ ಕರಿಹಲಗೆಯ ಮುಂದೆ ಹುಟ್ಟಿದ ಆ ಯೋಚನೆ ನಮ್ಮ ಶಾಲೆಗಳಿಗೆ ಎಷ್ಟರಮಟ್ಟಿಗೆ ಹಿಂತಿರುಗಿದೆ? ಹಲವು ಕಡೆ ಸ್ಮಾರ್ಟ್ ಬೋರ್ಡ್ ಬಂದಿದೆ, ಪ್ರೊಜೆಕ್ಟರ್ ಬಂದಿದೆ. ಆದರೆ ನಾನು ನೋಡಿದ ಕೆಲವು ಕಡೆ ಪಠ್ಯಪುಸ್ತಕದ ಪುಟವನ್ನೇ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸುತ್ತಾರೆ, ಮಕ್ಕಳು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಕರೆಂಟ್ ಖರ್ಚು ಬಿಟ್ಟರೆ ಅಲ್ಲಿ ಹೊಸದೇನೂ ನಡೆಯುವುದಿಲ್ಲ.

ಹೋದ ವರ್ಷ ಮೊಮ್ಮಗಳ ಶಾಲೆಯಲ್ಲಿ ಎಂಟನೇ ತರಗತಿಗೆ ಚಕ್ರಬಡ್ಡಿಯ ಪಾಠ ನಡೆಯುತ್ತಿತ್ತು. “ಬ್ಯಾಂಕಿನಲ್ಲಿದ್ದವರು, ಒಂದು ದಿನ ಬನ್ನಿ ಸಾರ್” ಎಂದು ಗಣಿತದ ಮೇಡಂ ಕರೆದರು. ನಲವತ್ತು ಮಕ್ಕಳು, ಒಂದೇ ಕಂಪ್ಯೂಟರು, ಒಂದು ಪ್ರೊಜೆಕ್ಟರು.

ಮೇಡಂ ಮೊದಲು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಸಾವಿರ ರೂಪಾಯಿಗೆ ವರ್ಷಕ್ಕೆ ಶೇ 8ರಂತೆ ಮೂರು ವರ್ಷದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಮಾಡಿಸಿದರು. ಮೊದಲ ವರ್ಷ 1,080. ಎರಡನೆಯ ವರ್ಷ 1,166 ರೂಪಾಯಿ 40 ಪೈಸೆ. ಮೂರನೆಯ ವರ್ಷ 1,259 ರೂಪಾಯಿ 71 ಪೈಸೆ. ಇದು ನನಗೆ ಬಹಳ ಹಿಡಿಸಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಉಳಿತಾಯ ಖಾತೆಗೆ ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಮೊತ್ತಕ್ಕೆ ಬಡ್ಡಿ. ಲೆಡ್ಜರ್ ಪುಟಗಳಲ್ಲಿ ಕಣ್ಣಾಡಿಸಿ ಆ ಮೊತ್ತವನ್ನು ಹುಡುಕಿ, ಕೂಡಿಸಿ, ಗುಣಿಸಿ ಬರೆಯುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಮುಂದೆ ಕಂಪ್ಯೂಟರ್ ಬಂದಾಗ, ಪರದೆಯ ಮೇಲೆ ಬಡ್ಡಿ ಅಸಂಬದ್ಧವಾಗಿ ಬಂದರೆ ಹಳಬರಿಗೆ ನೋಡಿದೊಡನೆ ಗೊತ್ತಾಗುತ್ತಿತ್ತು. ಕೈಲೆಕ್ಕ ಮಾಡದವರು ಪರದೆ ಹೇಳಿದ್ದನ್ನೇ ವೇದವಾಕ್ಯ ಎನ್ನುತ್ತಿದ್ದರು.

ಮೂರು ವರ್ಷ ಮುಗಿದ ಮೇಲೆ ಮೇಡಂ ಕೇಳಿದರು: “ಸಾವಿರ ಎರಡು ಸಾವಿರ ಆಗೋದು ಯಾವಾಗ? ಮೊದಲು ನಿಮ್ಮ ಊಹೆ ಬರೀರಿ. ಆಮೇಲೆ ನೋಡೋಣ.” ಸುಮಾರು ಮಕ್ಕಳು ನೂರನ್ನು ಎಂಟರಿಂದ ಭಾಗಿಸಿ ಹನ್ನೆರಡೂವರೆ ವರ್ಷ ಎಂದು ಬರೆದರು. ಸರಳಬಡ್ಡಿಗೆ ಅದು ಸರಿಯೇ. ಈಗ ಕಂಪ್ಯೂಟರ್ ತೆರೆದರು. ಒಂದು ಮನೆಯಲ್ಲಿ ಬಡ್ಡಿದರ, ಕೆಳಗೆ ಸಾಲಾಗಿ ವರ್ಷಗಳು. ಕಾಲಂ ತುಂಬುತ್ತಾ ಹೋಗಿ ಒಂಬತ್ತನೇ ವರ್ಷದಲ್ಲಿ 1,999 ಎಂದು ತೋರಿಸಿತು. “ಒಂದೇ ಒಂದು ರೂಪಾಯಿ ಕಮ್ಮಿ!” ಎಂದು ಇಡೀ ತರಗತಿ ಕೂಗಿತು.

ಈಗ 8 ಅಳಿಸಿ 6 ಹಾಕಿದರು. ಹನ್ನೆರಡನೇ ವರ್ಷಕ್ಕೆ 2,012. ಆಮೇಲೆ 12 ಹಾಕಿದರು. ಆರನೇ ವರ್ಷಕ್ಕೆ 1,974. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: “ಮಿಸ್, ಎಂಟೊಂಬತ್ಲಿ ಎಪ್ಪತ್ತೆರಡು, ಆರ್ಹನ್ನೆರಡ್ಲಿ ಎಪ್ಪತ್ತೆರಡು, ಹನ್ನೆರಡಾರ್ಲಿನೂ ಎಪ್ಪತ್ತೆರಡು!” ಇಂಥ ಮೂರು ಕೋಷ್ಟಕಗಳನ್ನು ಕರಿಹಲಗೆಯ ಮೇಲೆ ಬರೆಯಲು ಹೋದರೆ ಒಂದು ಪೀರಿಯಡ್ ಸಾಲದು. ಕೊನೆಯ ಕೋಷ್ಟಕ ಬರುವ ಹೊತ್ತಿಗೆ ಮೊದಲನೆಯದು ಡಸ್ಟರಿಗೆ ಬಲಿಯಾಗಿರುತ್ತದೆ. ಆ ಹುಡುಗಿಗೆ ಹೋಲಿಸಿ ನೋಡಲು ಏನೂ ಉಳಿದಿರುತ್ತಿರಲಿಲ್ಲ.

ನನ್ನ ಸರದಿ ಬಂತು. ಬಿ.ಕಾಂ. ಓದಿದವರಿಗೆ ಲೂಕಾ ಪಚೋಲಿಯ ಹೆಸರು ಗೊತ್ತು. ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು ಮೊದಲು ಅಚ್ಚಿನ ಪುಸ್ತಕದಲ್ಲಿ ವಿವರಿಸಿದ ಇಟಲಿಯ ಸನ್ಯಾಸಿ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅದೇ ಪುಸ್ತಕದಲ್ಲಿ ಈ 72ರ ಸೂತ್ರವೂ ಇದೆ. ಬಡ್ಡಿದರದಿಂದ 72ನ್ನು ಭಾಗಿಸಿದರೆ ಹಣ ದುಪ್ಪಟ್ಟಾಗುವ ಕಾಲ ಹೆಚ್ಚುಕಡಿಮೆ ಸಿಗುತ್ತದೆ. ಐನೂರು ವರ್ಷಕ್ಕೂ ಹಳೆಯ ಸಂಗತಿಯನ್ನು ತಾನೇ ಕಂಡುಕೊಂಡೆನೆಂದು ತಿಳಿದ ಆ ಮಗುವಿನ ಮುಖ ನೋಡಬೇಕಿತ್ತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: “ಸಾರ್, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದ್ರೆ?” ಯಾರ ಮನೆಯ ಲೆಕ್ಕ ಎಂದು ನಾವು ಯಾರೂ ಕೇಳಲಿಲ್ಲ. ಮೇಡಂ ಸುಮ್ಮನೆ ದರದ ಮನೆಯಲ್ಲಿ 3 ಹಾಕಿ, ವರ್ಷಗಳನ್ನು ತಿಂಗಳೆಂದು ಓದಿಕೊಳ್ಳಲು ಹೇಳಿದರು. ಬಡ್ಡಿ ಕಟ್ಟದೆ ಅಸಲಿಗೆ ಸೇರುತ್ತಾ ಹೋದರೆ 24ನೇ ತಿಂಗಳಿಗೆ 2,033. ಎರಡೇ ವರ್ಷದಲ್ಲಿ ದುಪ್ಪಟ್ಟು! ತರಗತಿ ತಣ್ಣಗಾಯಿತು.

“ತಿಂಗಳಾ ತಿಂಗಳಾ ಬಡ್ಡಿ ಕಟ್ತಾ ಇದ್ರೆ?” ಅವನೇ ಮತ್ತೆ ಕೇಳಿದ. ಪಕ್ಕದ ಕಾಲಂನಲ್ಲಿ ತಿಂಗಳಿಗೆ 30 ರೂಪಾಯಿ ಕಳೆದರು. 24 ತಿಂಗಳಲ್ಲಿ 720 ರೂಪಾಯಿ ಕೈಬಿಟ್ಟು ಹೋಗಿತ್ತು, ಸಾಲ ಮಾತ್ರ ಹಾಗೆಯೇ 1,000 ನಿಂತಿತ್ತು. “ಅರವತ್ತು ಕಟ್ಟಿದ್ರೆ ಏನಾಗುತ್ತೆ, ನೋಡೋಣ” ಎಂದರು ಮೇಡಂ. 30 ಅಳಿಸಿ 60 ಹಾಕಿದೊಡನೆ ಇಡೀ ಕಾಲಂ ಇಳಿಯತೊಡಗಿ 24ನೇ ತಿಂಗಳಿಗೆ ಸಾಲ ತೀರಿತು. ಹುಡುಗ ಅದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಗಂಟೆ ಹೊಡೆದರೂ ಬರೆಯುತ್ತಲೇ ಇದ್ದ.

ಹದಿಮೂರು ವರ್ಷದ ಮಕ್ಕಳು ಮನೆಯ ಕಷ್ಟವನ್ನು ಅರ್ಥ ಮಾಡಿಕೊಳ್ಳಬಲ್ಲರು. ‘ಹೀಗಾದರೆ ಹೇಗೆ’ ಎಂದು ಕೇಳುವ ವಯಸ್ಸು ಅದು. ಆ ಪ್ರಶ್ನೆಗೆ ಕೂತಲ್ಲೇ ಉತ್ತರ ತೋರಿಸುವ ಶಕ್ತಿ ಸೀಮೆಸುಣ್ಣಕ್ಕಿಲ್ಲ, ಈ ಯಂತ್ರಕ್ಕಿದೆ. ಇಂಥ ಪ್ರಶ್ನೆ ಬರುವವರೆಗೂ ಅದನ್ನು ತೆರೆಯದೆ ಕಾಯ್ದ ಮೇಡಂ ಅವರ ತಾಳ್ಮೆಯನ್ನು ನಾನು ಯಂತ್ರಕ್ಕಿಂತ ಹೆಚ್ಚು ಮೆಚ್ಚಿದೆ.

ಮಕ್ಕಳೇ, ಇದನ್ನು ಮನೆಯಲ್ಲೂ ಮಾಡಬಹುದು. ಲಿಬ್ರೆಆಫೀಸ್ ಕ್ಯಾಲ್ಕ್ ದುಡ್ಡಿಲ್ಲದೆ ಸಿಗುತ್ತದೆ. ಮೊದಲ ಮನೆಯಲ್ಲಿ 1000 ಬರೆಯಿರಿ. ಅದರ ಕೆಳಗಿನ ಮನೆಯಲ್ಲಿ ಸಮ ಚಿಹ್ನೆ, ಮೇಲಿನ ಮನೆಯ ಹೆಸರು, ಗುಣಾಕಾರಕ್ಕೆ ನಕ್ಷತ್ರದ ಗುರುತು, ಆಮೇಲೆ 1.08 ಹಾಕಿ ಕೆಳಕ್ಕೆ ಎಳೆಯಿರಿ. ಬಳಿಕ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಬೀರುವಿನಲ್ಲಿರುವ ಠೇವಣಿ ರಸೀದಿ ತರಿಸಿ, ಅದರಲ್ಲಿರುವ ಮೊತ್ತ ಮತ್ತು ದರ ಹಾಕಿ ನೋಡಿ. ಬಡ್ಡಿ ಕೊನೆಗೆ ಒಟ್ಟಿಗೆ ಸಿಗುವಂಥ ಠೇವಣಿಯಾದರೆ ನಿಮ್ಮ ಉತ್ತರ ರಸೀದಿಯ ಮೊತ್ತಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಶೇ 8ರ ದರದಲ್ಲಿ ಸಾವಿರಕ್ಕೆ ವರ್ಷದ ಕೊನೆಗೆ ನಿಮ್ಮದು 1,080 ಆದರೆ ಬ್ಯಾಂಕಿನದು 1,082 ರೂಪಾಯಿ 43 ಪೈಸೆ. ಬ್ಯಾಂಕು ಇಂಥ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ. ಹಾಗಾದರೆ 1.08ರ ಜಾಗದಲ್ಲಿ ಏನು ಹಾಕಬೇಕು, ಎಷ್ಟು ಸಲ ಕೆಳಕ್ಕೆ ಎಳೆಯಬೇಕು? ಮೊದಲು ಹಾಳೆಯ ಮೇಲೆ ಬರೆದು ಅಜ್ಜಿಗೆ ತೋರಿಸಿ, ಆಮೇಲೆ ಕೀಲಿಮಣೆ ಮುಟ್ಟಿ.