ಹೆಪ್ಪು ಮತ್ತು ಧಾನ್ಯ: ಅಂಬಲಿಯ ಗಡಿಗೆ, ಒಣ ಯೀಸ್ಟ್‌ನ ಪಾಕ

ಜನಪದರ ಆಹಾರಜ್ಞಾನದಲ್ಲಿ ಪಾಕದ ಆಯ್ಕೆ ಧಾನ್ಯದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಹುದುಗಿಸುವ ಹೆಪ್ಪು ಯಾವುದು, ಕಾಲ ಯಾವುದು ಎಂಬುದೂ ಅಷ್ಟೇ ಮುಖ್ಯ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯಾಶ್ರಿತ ಜೋಳ, ಸಜ್ಜೆ, ರಾಗಿಗಳ ನಾಡು. ಇಲ್ಲಿನ ಬೇಸಿಗೆಯ ಅಂಬಲಿ ಈ ವಿವೇಕಕ್ಕೆ ಉತ್ತಮ ನಿದರ್ಶನ.

ಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಹುಳಿಯಲು ಬಿಟ್ಟು, ಮರುದಿನ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸುವುದು ಅಂಬಲಿಯ ಸಾಮಾನ್ಯ ಕ್ರಮ. ಹಿಂದಿನ ಹುಳಿಯ ಶೇಷವಿರುವ ಗಡಿಗೆಯೇ ಇಲ್ಲಿ ಹೆಪ್ಪು. ಹುಳಿಯನ್ನು ಕೊಡುವವು ಮುಖ್ಯವಾಗಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು. ಅವುಗಳಿಗೆ 30ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖ ಹಿತಕರ. ಈ ಒಣನಾಡಿನ ಬೇಸಿಗೆಯೇ ಅಂಬಲಿಯ ಸಹಾಯಕ.

ಒಣ ಯೀಸ್ಟ್‌ನ ಸ್ವಭಾವ ಬೇರೆ. ಅದು ಸಕ್ಕರೆಯನ್ನು ಮದ್ಯಸಾರವಾಗಿಸಬಲ್ಲದೇ ಹೊರತು ಪಿಷ್ಟವನ್ನು ಒಡೆಯಲಾರದು. ಈಚಲು ಹೆಂಡದಲ್ಲಿ ಸಕ್ಕರೆಯು ಮರದ ರಸದಲ್ಲಿಯೇ ಇರುತ್ತದೆ. ಧಾನ್ಯದಲ್ಲಿ ಅದನ್ನು ಹುಟ್ಟಿಸಬೇಕು. ಮೊಳಕೆ ರಾಗಿಯ ಗಂಜಿ ತೆಳುವಾಗಿ ಸಿಹಿಯಾಗುವುದನ್ನು ಮಕ್ಕಳಿಗೆ ಉಣಿಸುವ ತಾಯಂದಿರು ಬಲ್ಲರು. ಆ ಕಿಣ್ವವೇ ಏಲ್ ಎಂಬ ಬಿಯರಿನ ಪಾಕಕ್ಕೂ ಆಧಾರ. ಆದರೆ ಜೋಳದ ಪಿಷ್ಟ ಬೇಯಲು ಸುಮಾರು 70 ಡಿಗ್ರಿ ಶಾಖ ಬೇಕು. ಆ ಶಾಖದಲ್ಲಿ ಕಿಣ್ವಗಳು ಬಲಗುಂದುತ್ತವೆ. ಆದ್ದರಿಂದ ಜೋಳದ ಗಂಜಿ ಬೆಂದು 65 ಡಿಗ್ರಿಗೆ ಇಳಿದ ಮೇಲೆ ಮೊಳಕೆ ರಾಗಿಯ ಹಿಟ್ಟನ್ನು ಬೆರೆಸಿ, ಸಿಹಿಯಾದ ತಿಳಿಯನ್ನು ಸೋಸಿ ಕುದಿಸಿ, ಆರಿಸಿ ಯೀಸ್ಟ್ ಹಾಕುವ ಪಾಕವೇ ಇದಕ್ಕೆ ಹೊಂದುವಂಥದು. ಏಲ್‌ನ ಸಾಮಾನ್ಯ ಯೀಸ್ಟ್ ಬಯಸುವುದು ಸುಮಾರು 18ರಿಂದ 22 ಡಿಗ್ರಿ. 40 ಡಿಗ್ರಿ ಮುಟ್ಟುವ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಅದರ ರುಚಿ ಕೆಡುತ್ತದೆ.

ಹೆಪ್ಪು ಬದಲಾದರೆ ಪಾಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಹಿಮಾಲಯದ ಉದಾಹರಣೆಯಿದೆ. ನೇಪಾಳ, ಸಿಕ್ಕಿಂಗಳಲ್ಲಿ ಇದೇ ರಾಗಿಯನ್ನು ಬೇಯಿಸಿ, ಆರಿಸಿ, ‘ಮರ್ಚಾ’ ಎಂಬ ಒಣ ಬಿಲ್ಲೆಯ ಪುಡಿಯನ್ನು ಉದುರಿಸುತ್ತಾರೆ. ಅದರಲ್ಲಿ ಯೀಸ್ಟ್‌ನೊಡನೆ ಪಿಷ್ಟ ಒಡೆಯುವ ಬೂಷ್ಟೂ ಇರುವುದರಿಂದ ಮೊಳಕೆಯ ಅಗತ್ಯವಿಲ್ಲ. ಧಾನ್ಯ ಒಂದೇ, ಗಡಿಗೆಯ ಹುಳಿಯಿಂದ ಅಂಬಲಿ, ಬಿಲ್ಲೆಯಿಂದ ಮದ್ಯ.

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯನ್ವಯ ಅಪರಾಧ. ಹೀಗಾಗಿ ಈ ಹೋಲಿಕೆಯ ಪ್ರಯೋಜನವಿರುವುದು ತಿಳಿವಳಿಕೆಯಲ್ಲಿ. ಬೇಗ ಉಬ್ಬುತ್ತದೆಂದು ಅಂಬಲಿಯ ಹಿಟ್ಟಿಗೆ ಪೊಟ್ಟಣದ ಯೀಸ್ಟ್ ಹಾಕಿದರೆ ನೊರೆ ಬಂದೀತು, ಅಂಬಲಿಯ ಹುಳಿ ಬಾರದು. ಪೊಟ್ಟಣವನ್ನು ಅಂಗಡಿಯಲ್ಲಿ ಮತ್ತೆ ಕೊಳ್ಳಬಹುದು. ಗಡಿಗೆಯ ಹೆಪ್ಪಾದರೋ ಒಂದು ಮನೆಯಿಂದ ಮತ್ತೊಂದು ಮನೆಗೆ, ಅತ್ತೆಯಿಂದ ಸೊಸೆಗೆ ಸಾಗಿದರೆ ಮಾತ್ರ ಉಳಿಯುತ್ತದೆ. ಅಂಬಲಿಯ ಪಾಕವನ್ನು ದಾಖಲಿಸುವವರು ಧಾನ್ಯದ ಅಳತೆಯೊಡನೆ ಹೆಪ್ಪಿನ ಮೂಲವನ್ನೂ ಬರೆದಿಡಬೇಕಾದುದು ಈ ಕಾರಣಕ್ಕಾಗಿಯೇ.