‘ವೃತ್ತಿ ಆಟಗಾರ’ ಎಂಬ ಮಾತಿನ ಅರ್ಥಾಂತರ: ಹಾಷಿಂ ಖಾನರ ಸ್ಕ್ವಾಷ್ ಜೀವನ

ಆಟವನ್ನೇ ಜೀವನೋಪಾಯವಾಗಿ ಉಳ್ಳವನು ವೃತ್ತಿ ಆಟಗಾರನೆಂದು ನಾವು ಇಂದು ತಿಳಿಯುತ್ತೇವೆ. ಆ ಮಾತನ್ನು ಕೇಳಿದೊಡನೆ ಕೀರ್ತಿ, ಧನ ಎರಡೂ ನೆನಪಿಗೆ ಬರುತ್ತವೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಮಾತಿನ ಅರ್ಥ ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿಯೂ ಅದರ ಆಳ್ವಿಕೆಗೆ ಒಳಪಟ್ಟ ದೇಶಗಳಲ್ಲಿಯೂ ವೃತ್ತಿ ಆಟಗಾರನೆಂದರೆ ಕ್ಲಬ್ಬಿನ ಸಂಬಳದ ಆಳು. ಸದಸ್ಯರಿಗೆ ಆಟವನ್ನು ಕಲಿಸುವುದು, ಅವರು ಕರೆದಾಗ ಅವರೊಡನೆ ಆಡುವುದು, ಅಂಕಣವನ್ನೂ ಸಲಕರಣೆಗಳನ್ನೂ ನೋಡಿಕೊಳ್ಳುವುದು ಅವನ ಕೆಲಸ. ಹಣ ಪಡೆಯದೆ ಆಡುವ ಹವ್ಯಾಸಿಗೆ ಸಲ್ಲುತ್ತಿದ್ದ ಮರ್ಯಾದೆ ಅವನಿಗೆ ಸಲ್ಲುತ್ತಿರಲಿಲ್ಲ. ಈ ಅರ್ಥ ಹೇಗೆ ಬದಲಾಯಿತೆಂಬುದನ್ನು ಪೆಷಾವರದ ಹಾಷಿಂ ಖಾನರ ಜೀವನದ ಮೂಲಕ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಟದ ಸ್ವರೂಪವನ್ನು ಸ್ವಲ್ಪದರಲ್ಲಿ ನೋಡೋಣ. ಸ್ಕ್ವಾಷ್ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ ರೂಪುಗೊಂಡ ಆಟ. ೩೨ ಅಡಿ ಉದ್ದ, ೨೧ ಅಡಿ ಅಗಲದ, ನಾಲ್ಕು ಗೋಡೆಗಳ ನಡುವಣ ಅಂಕಣದಲ್ಲಿ ಇಬ್ಬರು ಮೆತ್ತನೆಯ ರಬ್ಬರಿನ ಚೆಂಡನ್ನು ಸರದಿಯಂತೆ ಮುಂದಿನ ಗೋಡೆಗೆ ಹೊಡೆಯುತ್ತಾರೆ. ಚೆಂಡು ಎರಡನೆಯ ಸಲ ನೆಲವನ್ನು ಮುಟ್ಟುವ ಮುನ್ನ ಹೊಡೆಯಲಾರದವನು ಆ ಸರದಿಯನ್ನು ಸೋಲುತ್ತಾನೆ. ಸ್ವಲ್ಪ ಸ್ಥಳ ಸಾಕಾಗುವ ಈ ಆಟವನ್ನು ಬ್ರಿಟಿಷ್ ಸೇನಾಧಿಕಾರಿಗಳು ತಾವು ನೆಲೆಸಿದ ದಂಡುಪ್ರದೇಶಗಳಿಗೆಲ್ಲ ಕೊಂಡೊಯ್ದರು. ವಾಯವ್ಯ ಸರಹದ್ದಿನ ಪೆಷಾವರಕ್ಕೆ ಅದು ಬಂದುದು ಹೀಗೆ.

ಹಾಷಿಂ ಖಾನರ ಊರು ಪೆಷಾವರದ ಸಮೀಪದ ನವಾಕಿಲ್ಲೆ. ಅವರ ಜನನವನ್ನು ಯಾರೂ ಬರೆದಿಡಲಿಲ್ಲ. ೧೯೧೪ ಎಂದು ಸಾಮಾನ್ಯವಾಗಿ ಗಣಿಸಲಾಗಿದೆ. ತಂದೆ ಅಬ್ದುಲ್ಲಾ ಖಾನರು ಬ್ರಿಟಿಷ್ ಅಧಿಕಾರಿಗಳ ಕ್ಲಬ್ಬಿನಲ್ಲಿ ಪರಿಚಾರಕರ ಮುಖ್ಯಸ್ಥರಾಗಿದ್ದರು. ಅಲ್ಲಿನ ಅಂಕಣಗಳಿಗೆ ಮಾಡು ಇರಲಿಲ್ಲ. ಗೋಡೆಯನ್ನು ದಾಟಿ ಹೋದ ಚೆಂಡನ್ನು ತಂದುಕೊಡಲು ಹುಡುಗರು ಬೇಕಾಗಿದ್ದರು. ಬಾಲಕ ಹಾಷಿಂ ಅವರಲ್ಲೊಬ್ಬರಾದರು. ಅಧಿಕಾರಿಗಳು ಬಿಸಿಲಿಗೆ ಹೆದರಿ ಒಳಗೆ ಹೋದ ಬಳಿಕ ಬರಿಗಾಲಿನಲ್ಲಿ ಒಬ್ಬರೇ ಆಡುತ್ತಿದ್ದರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡುದರಿಂದ ಈ ಕೆಲಸವೇ ಅವರ ಜೀವನದ ದಾರಿಯಾಯಿತು. ೧೯೪೨ರಲ್ಲಿ ಅವರು ವಾಯುಪಡೆಯ ಅಧಿಕಾರಿಗಳ ಮೆಸ್ಸಿನಲ್ಲಿ ಸ್ಕ್ವಾಷ್ ಶಿಕ್ಷಕರಾಗಿ ನೇಮಕಗೊಂಡರು.

೧೯೪೪ರಲ್ಲಿ ಮುಂಬಯಿಯಲ್ಲಿ ನಡೆದ ಅಖಿಲ ಭಾರತ ಸ್ಪರ್ಧೆಯನ್ನು ಅವರು ಗೆದ್ದರು. ಮುಂದಿನ ಎರಡು ವರ್ಷಗಳಲ್ಲಿಯೂ ಗೆಲುವು ಅವರದೇ ಆಯಿತು. ಆದರೆ ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಆ ಕಾಲದಲ್ಲಿ ಜಾಗತಿಕ ಸ್ಪರ್ಧೆಗೆ ಸಮನೆಂದು ಎಣಿಸಲ್ಪಟ್ಟಿದ್ದುದು ಇಂಗ್ಲೆಂಡಿನ ಬ್ರಿಟಿಷ್ ಓಪನ್. ಹವ್ಯಾಸಿಗಳಿಗೂ ವೃತ್ತಿ ಆಟಗಾರರಿಗೂ ಅದು ತೆರೆದಿತ್ತು. ನಿಯಮದ ಅಡ್ಡಿ ಇರಲಿಲ್ಲ. ಅಡ್ಡಿಯಾದುದು ಹಡಗಿನ ಅಥವಾ ವಿಮಾನದ ವೆಚ್ಚ. ಮೆಸ್ಸಿನ ಸಂಬಳಗಾರನನ್ನು ಅಷ್ಟು ದೂರ ಕಳುಹಿಸುವ ಯೋಚನೆ ಯಾರಿಗೂ ಬರಲಿಲ್ಲ. ವಿದ್ಯೆ ಸಿದ್ಧವಾಗಿತ್ತು, ಆಶ್ರಯ ದೊರೆಯಲಿಲ್ಲ.

ಆಶ್ರಯ ದೊರೆತುದು ದೇಶವಿಭಜನೆಯ ತರುವಾಯ. ಮುಂಬಯಿಯಲ್ಲಿ ಹಾಷಿಂರಿಂದ ಹಲವು ಬಾರಿ ಸೋತಿದ್ದ ಅಬ್ದುಲ್ ಬಾರಿ ಎಂಬ ಆಟಗಾರರು ೧೯೫೦ರಲ್ಲಿ ಭಾರತದ ಬೆಂಬಲದಿಂದ ಬ್ರಿಟಿಷ್ ಓಪನ್ನಿಗೆ ಹೋಗಿ, ಅಂತಿಮ ಪಂದ್ಯದಲ್ಲಿ ಈಜಿಪ್ಟಿನ ಮಹಮೂದ್ ಕರೀಮರಿಗೆ ಸೋತು, ದ್ವಿತೀಯ ಸ್ಥಾನವನ್ನು ಪಡೆದರು. ಈ ವಾರ್ತೆಯೇ ಹಾಷಿಂರಿಗೆ ಪ್ರೇರಣೆಯಾಯಿತು. ಪಾಕಿಸ್ತಾನದ ವಾಯುಪಡೆಯವರು ನೆರವಿಗೆ ಬಂದರು. ೧೯೫೧ರಲ್ಲಿ, ವಯಸ್ಸು ಮೂವತ್ತೈದನ್ನು ಮೀರಿದ ಮೇಲೆ, ಅವರು ಮೊದಲ ಬಾರಿಗೆ ಆ ಸ್ಪರ್ಧೆಗೆ ಇಳಿದು, ನಾಲ್ಕು ವರ್ಷ ಸತತವಾಗಿ ಗೆದ್ದಿದ್ದ ಕರೀಮರನ್ನು ೯–೫, ೯–೦, ೯–೦ ಅಂಕಗಳಿಂದ ಸೋಲಿಸಿದರು. ಕೆಲವೇ ವರ್ಷಗಳ ಹಿಂದೆ ಒಂದೇ ಸ್ಪರ್ಧೆಯಲ್ಲಿ ಆಡಿದವರು ಈಗ ಎರಡು ಹೊಸ ರಾಷ್ಟ್ರಗಳ ಪ್ರತಿನಿಧಿಗಳಾಗಿದ್ದರು. ಮೆಸ್ಸಿನ ಶಿಕ್ಷಕನ ಆಟ ಈಗ ರಾಷ್ಟ್ರದ ಮಾನದ ವಿಷಯವಾಯಿತು.

೧೯೫೧ರಿಂದ ೧೯೫೬ರವರೆಗೆ ಆರು ಬಾರಿ, ೧೯೫೮ರಲ್ಲಿ ಮತ್ತೊಮ್ಮೆ, ಒಟ್ಟು ಏಳು ಬಾರಿ ಹಾಷಿಂರು ಬ್ರಿಟಿಷ್ ಓಪನ್ನನ್ನು ಗೆದ್ದರು. ಅದಕ್ಕೆ ಮುಂಚಿನ ಅತಿ ಹೆಚ್ಚಿನ ಗೆಲುವುಗಳು ಆರು. ಅವು ೧೯೩೦ರ ದಶಕದಲ್ಲಿ ಆಡಿದ ಈಜಿಪ್ಟಿನ ಅಮ್ರ್ ಬೇ ಅವರವು. ಅಮ್ರ್ ಬೇ ಅವರು ರಾಜತಾಂತ್ರಿಕ ಸೇವೆಯಲ್ಲಿದ್ದ ಹವ್ಯಾಸಿ. ಅವರ ದಾಖಲೆಯನ್ನು ಮೀರಿಸಿದವರು ಚೆಂಡು ಹೆಕ್ಕುವ ಹುಡುಗನಾಗಿ ಆರಂಭಿಸಿದವರು. ಈ ಎರಡು ಹೆಸರುಗಳ ನಡುವಿನ ಅಂತರವೇ ಆ ಆಟದ ಸಾಮಾಜಿಕ ಇತಿಹಾಸವೆನ್ನಬಹುದು.

ಆದರೆ ಕೀರ್ತಿಯಿಂದ ವೃತ್ತಿಯ ಸ್ವರೂಪ ಒಮ್ಮೆಗೇ ಬದಲಾಯಿತೆಂದು ಭಾವಿಸಲಾಗದು. ಬಹುಮಾನದ ಹಣದಿಂದಲೇ ಬದುಕುವ ಸ್ಥಿತಿ ಆಗ ಇರಲಿಲ್ಲ. ಹಾಷಿಂರು ೧೯೬೦ರ ದಶಕದಲ್ಲಿ ಅಮೆರಿಕೆಗೆ ಹೋಗಿ ಡೆಟ್ರಾಯಿಟಿನ ಕ್ಲಬ್ಬೊಂದರಲ್ಲಿಯೂ, ಅನಂತರ ಡೆನ್ವರಿನಲ್ಲಿಯೂ ಶಿಕ್ಷಕರಾದರು. ಅಲ್ಲಿನ ಆಟದಲ್ಲಿ ಚೆಂಡು ಗಟ್ಟಿ, ಅಂಕಣದ ಅಗಲ ಹದಿನೆಂಟೂವರೆ ಅಡಿ ಮಾತ್ರ. ಆ ಪದ್ಧತಿಯಲ್ಲಿಯೂ ಅವರು ಮೂರು ಬಾರಿ ಅಮೆರಿಕದ ಓಪನ್ ಸ್ಪರ್ಧೆಯನ್ನು ಗೆದ್ದರು. ಮೆಸ್ಸಿನ ಶಿಕ್ಷಕರಾಗಿ ಆರಂಭಿಸಿದವರು ಕ್ಲಬ್ಬಿನ ಶಿಕ್ಷಕರಾಗಿಯೇ ನಿವೃತ್ತರಾದರು. ಕಲಿಯುವವರು ಮಾತ್ರ ಈಗ ಅವರನ್ನು ಗುರುವೆಂದು ಗೌರವಿಸುತ್ತಿದ್ದರು. ೨೦೧೪ರ ಆಗಸ್ಟಿನಲ್ಲಿ ಕೊಲೊರಾಡೊ ಪ್ರಾಂತದಲ್ಲಿ ಅವರು ತೀರಿಕೊಂಡರು.

ಅವರ ಸಾಧನೆ ಒಬ್ಬ ವ್ಯಕ್ತಿಯದಾಗಿ ನಿಲ್ಲಲಿಲ್ಲ. ೧೯೫೭ರಲ್ಲಿ ಬಂಧುವಾದ ರೋಷನ್ ಖಾನರು, ೧೯೫೯ರಿಂದ ೧೯೬೨ರವರೆಗೆ ತಮ್ಮನಾದ ಅಜಂ ಖಾನರು, ೧೯೬೩ರಲ್ಲಿ ಬಂಧುವರ್ಗದ ಮೊಹಿಬುಲ್ಲಾ ಖಾನರು ಬ್ರಿಟಿಷ್ ಓಪನ್ನನ್ನು ಗೆದ್ದುದರಿಂದ ಹದಿಮೂರು ವರ್ಷ ಆ ಪ್ರಶಸ್ತಿ ಒಂದೇ ಬಳಗದಲ್ಲಿ ಉಳಿಯಿತು. ರೋಷನ್ನರ ಮಗ ಜಹಾಂಗೀರ್ ಖಾನರು ೧೯೮೨ರಿಂದ ೧೯೯೧ರವರೆಗೆ ಹತ್ತು ಬಾರಿ ಗೆದ್ದರು. ಇದನ್ನು ರಕ್ತಗುಣವೆಂದು ಹೇಳಿಬಿಡುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ, ಕ್ಲಬ್ಬಿನ ಚಾಕರಿ ಒಂದು ಊರಿನ ಕುಲಕಸುಬಾದಾಗ ವಿದ್ಯೆ ಅಣ್ಣನಿಂದ ತಮ್ಮನಿಗೆ, ತಂದೆಯಿಂದ ಮಗನಿಗೆ ಹರಿದು ಬಂದುದೇ ಇದರ ಕಾರಣ. ೧೯೮೦ರಲ್ಲಿ ಹವ್ಯಾಸಿ-ವೃತ್ತಿ ಎಂಬ ಭೇದವನ್ನು ಆಟದ ಅಂತರರಾಷ್ಟ್ರೀಯ ಸಂಸ್ಥೆ ತೊಡೆದುಹಾಕಿದಾಗ, ಅಂಕಣದಲ್ಲಿ ಆಗಲೇ ನಿರ್ಣಯವಾಗಿದ್ದ ಸಂಗತಿಗೆ ನಿಯಮದ ಒಪ್ಪಿಗೆ ದೊರೆತಂತಾಯಿತು.

ಕ್ಲಬ್ಬುಗಳ ಚರಿತ್ರೆಯನ್ನು ಸದಸ್ಯರ ಪಟ್ಟಿಗಳಿಂದ ಬರೆಯುವ ರೂಢಿಯುಂಟು. ಜನ್ಮದಿನವೂ ದಾಖಲಾಗದ ನೌಕರರ ಹೆಸರು ಆ ಪಟ್ಟಿಗಳಲ್ಲಿ ಸಿಗುವುದಿಲ್ಲ. ಹಾಷಿಂ ಖಾನರ ಹೆಸರು ಉಳಿದುದು ಅವರು ೧೯೫೧ರಲ್ಲಿ ಪ್ರಯಾಣ ಬೆಳೆಸಲು ಸಾಧ್ಯವಾದುದರಿಂದ. ದಂಡುಪ್ರದೇಶಗಳ ಸಾಮಾಜಿಕ ಚರಿತ್ರೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಸಂಬಳದ ಪುಸ್ತಕಗಳನ್ನೂ ನೌಕರರ ಮನೆತನಗಳ ಬಾಯಿಮಾತಿನ ನೆನಪುಗಳನ್ನೂ ಆಕರಗಳೆಂದು ಪರಿಗಣಿಸಬೇಕೆಂಬುದು ಈ ಒಂದು ಜೀವನದಿಂದ ಸ್ಪಷ್ಟವಾಗುತ್ತದೆ.